ಗೋಡೆಯುಪ್ಪು

ಮೊದಲು ಕಾಲಕ್ರಮವನ್ನು ಹೇಳಿಬಿಡುತ್ತೇನೆ. ಹಾಲಮ್ಮನವರಿಗೂ ಅವರ ವಾರಗಿತ್ತಿ ನೀಲಮ್ಮನವರಿಗೂ ಮಾತು ನಿಂತದ್ದು ಒಂದು ಬೇಸಿಗೆಯಲ್ಲಿ, ಮಾವಿನಕಾಯಿಗೆ ಉಪ್ಪು ಹಾಕುವ ದಿನ. ನಾನು ಆ ಊರಿನ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಬಂದು, ಹಾಲಮ್ಮನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದದ್ದು ಅದರ ನಂತರದ ಜೂನ್ ತಿಂಗಳಲ್ಲಿ. ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡಿದ್ದು ಮಳೆಗಾಲದ ನಡುವೆ. ಗೋಡೆ ಬಿರುಕು ಬಿಟ್ಟದ್ದು ಮಾರ್ಚ್ ಕೊನೆಯಲ್ಲಿ, ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ನನ್ನ ಮೇಜಿನ ಮೇಲೆ ಇದ್ದಾಗ. ಈ ಸಂಗತಿಗಳು ಇದೇ ಅನುಕ್ರಮದಲ್ಲಿ ನಡೆಯದೆ ಹೋಗಿದ್ದರೆ ನಾನು ಹೇಳಹೊರಟಿರುವುದು ನಡೆಯುತ್ತಲೇ ಇರಲಿಲ್ಲ.

ಆ ಊರಿನಲ್ಲಿ ಮನೆಮನೆಯ ನಡುವೆ ಸಂದಿ ಇಲ್ಲ. ಎರಡು ಮನೆಗೆ ಒಂದೇ ಗೋಡೆ. ಗೋಡೆಗಳು ಅಲ್ಲಿನ ಬೂದುಬಣ್ಣದ ಜೇಡಿಮಣ್ಣಿನವು. ಅವು ನೀರನ್ನು ದಾಟಲು ಬಿಡುತ್ತವೆ, ಉಪ್ಪನ್ನು ಬಿಡುವುದಿಲ್ಲ. ಯಾವ ಮನೆಯಲ್ಲಿ ಉಪ್ಪು ಹೆಚ್ಚಾಗಿದೆಯೋ ಆ ಮನೆಯ ಕಡೆಗೆ ಪಕ್ಕದ ಮನೆಯ ನೀರು ಹೊರಟುಬಿಡುತ್ತದೆ. ಕೊಡದಲ್ಲಿರುವುದು, ಹೂವಿನ ಕುಂಡದಲ್ಲಿರುವುದು, ಕಲಸಿಟ್ಟ ಹಿಟ್ಟಿನಲ್ಲಿರುವುದು, ಎಲ್ಲವೂ. ಅಲ್ಲಿನವರಿಗೆ ಇದು ಬೇರೆ ಊರಿನವರಿಗೆ ಗಾಳಿ ಬೀಸುವುದು ಹೇಗೋ ಹಾಗೆ. ಗಾಳಿ ಇರುವ ಕಡೆ ಕಿಟಕಿಗೆ ಚಿಲಕ ಇಟ್ಟುಕೊಳ್ಳುವಂತೆ, ಇವರು ಗೋಡೆಯುಪ್ಪು ಇಟ್ಟುಕೊಂಡಿದ್ದರು.

ಗೋಡೆಯುಪ್ಪಿನ ಪದ್ಧತಿ ಹೀಗೆ. ಉಪ್ಪಿನಕಾಯಿ ಹಾಕುವ ಮನೆಯವರು ಜಾಡಿಗೆ ಉಪ್ಪು ಬೀಳುವ ಮೊದಲು, ಗೋಡೆ ಹಂಚಿಕೊಂಡ ಮನೆಗೆ ಉಪ್ಪು ಕೊಡಬೇಕು. ಗೋಡೆಯ ಬುಡದಲ್ಲಿ ಆಚೆಗೊಂದು ಈಚೆಗೊಂದು ಕಲ್ಲಿನ ಬಾನಿ ಇರುತ್ತದೆ. ಈಚೆಯದರಲ್ಲಿ ಈ ಮನೆಯ ಉಪ್ಪಿನಷ್ಟೇ ಉಪ್ಪಾದ ನೀರು ಇರುತ್ತದೆ; ಕೊಟ್ಟ ಉಪ್ಪು ಆಚೆಯ ಬಾನಿಯ ನೀರಿಗೆ ಬೀಳುತ್ತದೆ. ಎರಡೂ ಬಾನಿಗಳಲ್ಲಿ ಒಂದೊಂದು ಆಲೂಗಡ್ಡೆ ಬಿಟ್ಟು, ಅವು ಒಂದೇ ಮಟ್ಟಕ್ಕೆ ತೇಲುತ್ತವೆಯೇ ಎಂದು ನೋಡುತ್ತಾರೆ. ತೇಲಿದರೆ ಕೊಟ್ಟವರು 'ಸಮ ಆಯ್ತಾ' ಎಂದು ಕೇಳಬೇಕು, ಪಡೆದವರು 'ಸಮ ಆಯ್ತು' ಎನ್ನಬೇಕು. ಉಪ್ಪನ್ನು ಮನೆಯ ಯಜಮಾನಿಯೇ ಹೊತ್ತು ತರಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ ಅದು ಅಂಗಡಿಯ ಉಪ್ಪು, ಗೋಡೆಯದಲ್ಲ. ಇದರಿಂದಾಗಿ ಆ ಊರಿನ ಮಾತೇ ಬೇರೆಯಾಗಿತ್ತು. ಇಬ್ಬರು ಅನ್ಯೋನ್ಯವಾಗಿದ್ದರೆ 'ಅವರು ಸಮ ಇದ್ದಾರೆ' ಎನ್ನುತ್ತಿದ್ದರು. ನೀರು ಕಳೆದುಕೊಂಡದ್ದು ಬಾಡಿದ ಮನೆ, ಪರರ ನೀರು ತುಂಬಿಕೊಂಡದ್ದು ಉಬ್ಬಿದ ಮನೆ.

ನಾನು ಬಾಡಿಗೆಗೆ ಹಿಡಿದದ್ದು ಉಬ್ಬಿದ ಮನೆಯನ್ನು. ನನ್ನ ಕೋಣೆಯ ಬಾಗಿಲು ಚೌಕಟ್ಟಿನಲ್ಲಿ ಹಿಗ್ಗಿ ಕೂತಿದ್ದರಿಂದ ಅದನ್ನು ಮುಚ್ಚಲು ಭುಜ ಕೊಡಬೇಕಾಗುತ್ತಿತ್ತು, ತೆಗೆಯಲು ಹಾಲಮ್ಮನವರು ಆ ಕಡೆಯಿಂದ ಕಾಲು ಕೊಡಬೇಕಾಗುತ್ತಿತ್ತು. ಚಪ್ಪಲಿಗೆ ಬೂಷ್ಟು ಬರುತ್ತಿತ್ತು. ಊಟದ ಮನೆಯ ಪಕ್ಕದ ಉಗ್ರಾಣದಲ್ಲಿ ಜಾಡಿಗಳು ಸಾಲಾಗಿದ್ದವು. ಅವುಗಳಲ್ಲಿ ಉಪ್ಪುನೀರು ದಿನದಿಂದ ದಿನಕ್ಕೆ ತಾನಾಗಿ ಏರಿ, ಕಂಠಕ್ಕೆ ಕಟ್ಟಿದ ಬಟ್ಟೆಯನ್ನು ನೆನೆಸಿ ಹೊರಗೆ ಹರಿಯುತ್ತಿತ್ತು. ಹಾಲಮ್ಮನವರು ಗಂಡ ತೀರಿದ ಮೇಲೆ ಉಪ್ಪಿನಕಾಯಿ ಹಾಕಿಯೇ ಬದುಕಿದವರು. ಊರಿನ ಅರ್ಧ ಮನೆಗಳ ಊಟದ ಎಲೆಗೆ ಅವರ ಜಾಡಿಯಿಂದಲೇ ಹೋಗಬೇಕು. ಆ ವರ್ಷದ ಉಪ್ಪಿನಕಾಯಿ ಮಾತ್ರ ನೀರಾಗಿ, ಮೆತ್ತಗಾಗಿ, ಮೇಲೆ ಬಿಳಿ ಪೊರೆ ಕಟ್ಟಿ ಕೆಟ್ಟಿತು. ಕೊಂಡವರು ಸುಮ್ಮನೆ ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಹಾಲಮ್ಮನವರಿಗೆ ಅದೇ ಹೆಚ್ಚು ನೋವು.

"ಬೈದಿದ್ರೆ ಬೈಸ್ಕೋತಿದ್ದೆ ಟೀಚರಮ್ಮ," ಎಂದರು ಒಮ್ಮೆ, ಕೆಟ್ಟ ಹೋಳುಗಳನ್ನು ಹೊಂಗೆಮರದ ಬುಡದಲ್ಲಿ ಹೂಳುತ್ತಾ. "ಬರೋ ಬೇಸಿಗೇಲೂ ಹಿಂಗೇ ಆದ್ರೆ ನನ್ನ ಜಾಡೀನ ಯಾರೂ ಮುಟ್ಟಲ್ಲ. ಆಮೇಲೆ ನಾನು ಯಾವ ಹಾಲಮ್ಮ?"

ಜಾಡಿಯ ಹೊರಗೆ ಹರಿದದ್ದನ್ನು ಅವರು ಒರೆಸಿ ಹಿಂಡುತ್ತಿದ್ದರು. ಆದರೆ ಗೋಡೆಯ ಈಚೆ ಬೆವರಿನಂತೆ ಮೂಡುತ್ತಿದ್ದ ಸಿಹಿನೀರನ್ನು ತಂಬಿಗೆಯಲ್ಲಿ ಹಿಡಿದು ಮರಕ್ಕೆ ಹಾಕುತ್ತಿದ್ದರು. ಅದನ್ನು ಅಡುಗೆಗೆ ಬಳಸಿದ್ದು ನಾನು ನೋಡಲಿಲ್ಲ. ಏಕೆಂದು ಕೇಳಿದಾಗ, "ಅವಳು ಕೊಟ್ಟ ನೀರಲ್ಲ ಅದು, ಎದ್ದು ಬಂದ ನೀರು," ಎಂದರು.

"ಒಂದು ಕೊಡ ತುಂಬಿ ಅವರ ಮನೆಗೇ ಕೊಟ್ಟುಬಿಡಿ."

"ಕೊಟ್ರೆ ಗೋಡೆ ಸಾಯಂಕಾಲದೊಳಗೆ ವಾಪಸ್ ತಂದು ಕೊಡುತ್ತೆ. ಅವಳ ಕಡೆ ಉಪ್ಪಿಲ್ವಲ್ಲ."

"ಹಾಗಾದರೆ ಉಪ್ಪು ಕೊಡಿ."

"ತಗೊಂಡ್ರೆ ತಾನೆ."

ಜಗಳ ಒಂದು ಪದದಿಂದ ಹುಟ್ಟಿತ್ತು. ಹಾಲಮ್ಮ ಹಿರಿಯ ಸೊಸೆ, ನೀಲಮ್ಮ ಕಿರಿಯ ಸೊಸೆ. ಅಣ್ಣತಮ್ಮಂದಿರ ಮನೆಯ ನಡುವೆ ಗೋಡೆ ಎದ್ದಾಗಿನಿಂದ ಪ್ರತಿ ಬೇಸಿಗೆಯಲ್ಲೂ ಹಾಲಮ್ಮ ಉಪ್ಪು ಹೊತ್ತು ಆಚೆ ಹೋಗುತ್ತಿದ್ದರು. ಆ ವರ್ಷ ಅವರಿಗೆ ಮಂಡಿನೋವು ಹೆಚ್ಚಾಗಿತ್ತು. ನೀಲಮ್ಮನ ಮನೆಯ ಮೆಟ್ಟಿಲುಗಳೋ ಎತ್ತರ. ಕೊನೆಯ ಸೇರು ಉಪ್ಪನ್ನು ಬಾನಿಗೆ ಸುರಿದು ಗೋಡೆ ಹಿಡಿದು ನಿಂತಾಗ, 'ಸಮ ಆಯ್ತಾ' ಎನ್ನುವ ಬದಲು ಅವರ ಬಾಯಿಂದ 'ಸಾಕಾಯ್ತಾ' ಎಂದು ಬಂತು. ಬೇಡಿದವರ ಮಡಿಲಿಗೆ ಹಾಕಿ ಕೇಳುವುದೂ ಅದೇ ಮಾತು, ಬೇಸತ್ತವರನ್ನು ಕೇಳುವುದೂ ಅದೇ ಮಾತು. ಹಾಲಮ್ಮ ಕೇಳಿದ್ದು ಎರಡನೆಯದನ್ನು.

"ನನ್ನ ಮಂಡೀನ ಕೇಳಿದ್ದು ಕಣಮ್ಮ, ಸಾಕಾಯ್ತಾ ನಿಂಗೆ ಅಂತ. ಅವಳು ತನ್ನನ್ನೇ ಕೇಳಿದೆ ಅಂದ್ಕೊಂಡ್ಳು. ಬಾನಿ ನೀರನ್ನೆಲ್ಲ ಮೋರಿಗೆ ಚೆಲ್ಲಿ, ನಾನೇನು ನಿನ್ನ ಬಾಗಿಲಿಗೆ ಬಂದು ಸೆರಗೊಡ್ಡಿದ್ನಾ ಅಂದ್ಳು."

"ಮಂಡಿಯ ವಿಷಯ ಅವರಿಗೆ ಹೇಳಲಿಲ್ಲವೇ?"

"ಸೆರಗಿನ ಮಾತು ಬಂದ ಮೇಲೆ ಮಂಡಿ ಮಾತು ಯಾರು ಆಡ್ತಾರೆ?"

ಜೀವಕೋಶದ ಪಾಠವನ್ನು ನಾನು ಬಹಳ ಸಿದ್ಧತೆಯಿಂದ ಮಾಡಿದೆ. ಶಾಲೆಯ ಒಂದೇ ಸೂಕ್ಷ್ಮದರ್ಶಕವನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟು, ಕೆಂಪು ಈರುಳ್ಳಿಯ ಹೊರಪದರದಿಂದ ತೆಳುವಾದ ಸಿಪ್ಪೆಯನ್ನು ಬಿಡಿಸಿ, ಒಂದು ಹನಿ ನೀರಿನಲ್ಲಿ ಗಾಜಿನ ಮೇಲೆ ಹರಡಿದೆ. ಸಾಲಾಗಿ ಬಂದು ನೋಡಿ ಎಂದೆ. ಮೊದಲು ನೋಡಿದವಳು ಮಂದಾಕಿನಿ, ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿ ಎಲ್ಲರಿಗಿಂತ ಕೊನೆಗೆ ಇಳಿಸುವ ಹುಡುಗಿ. ಅವಳು ಕಣ್ಣು ತೆಗೆಯದೆ ಹೇಳಿದಳು:

"ಮಿಸ್, ಇದು ನಮ್ಮ ಬೀದಿ."

ಪ್ರತಿಯೊಬ್ಬರೂ ನೋಡಿ ಅದನ್ನೇ ಹೇಳಿದರು. ನಾನು ಅಲ್ಲಗಳೆಯಲಿಲ್ಲ, ಗೋಡೆಗೆ ಗೋಡೆ ತಾಗಿದ ಉದ್ದುದ್ದದ ಕೋಣೆಗಳು ನಿಜವಾಗಿಯೂ ಹಾಗೆಯೇ ಕಾಣುತ್ತಿದ್ದವು. ಗೋಡೆಗೆ ಕೋಶಭಿತ್ತಿ ಎಂದು ಹೆಸರು, ಅದಕ್ಕೆ ಒಳಗಿನಿಂದ ಅಂಟಿಕೊಂಡಿರುವ ತೆಳುವಾದದ್ದು ಕೋಶಪೊರೆ, ಒಳಗೆ ತುಂಬಿರುವುದು ಕೋಶದ್ರವ್ಯ ಎಂದು ಹಲಗೆಯ ಮೇಲೆ ಬರೆದೆ. ಅಯೋಡಿನ್ ಹಾಕಿ ಮತ್ತೊಂದು ಸಿಪ್ಪೆಯನ್ನು ತೋರಿಸಿದಾಗ ಪ್ರತಿ ಕೋಣೆಯಲ್ಲೂ ಒಂದು ಚುಕ್ಕೆ ಎದ್ದು ಕಂಡಿತು. ಅದು ಕೋಶಕೇಂದ್ರ, ಕೋಶದ ಕೆಲಸಗಳನ್ನೆಲ್ಲ ನಿಯಂತ್ರಿಸುವುದು ಅದೇ, ಎಂದೆ.

"ಮನೆ ಯಜಮಾನ್ರು," ಎಂದ ಒಬ್ಬ.

"ಮತ್ಯಾಕೆ ಮೂಲೇಲಿ ಕೂತಿದಾರೆ?" ಮಂದಾಕಿನಿ ಕೇಳಿದಳು. "ಮನೇಲಿ ಜಗಳ ಆಗಿದೆಯಾ ಮಿಸ್?"

"ಜಗಳವಲ್ಲ. ಕೋಶದ ನಡುವೆ ರಸದಾನಿ ಎಂಬ ದೊಡ್ಡ ನೀರಿನ ತೊಟ್ಟಿ ಇದೆ. ಅದು ತುಂಬಿಕೊಂಡಾಗ ಉಳಿದದ್ದೆಲ್ಲ ಅಂಚಿಗೆ ಸರಿಯುತ್ತದೆ."

ಉಬ್ಬಿದ ಮನೆ, ಎಂದು ಹಿಂದಿನ ಬೆಂಚಿನಲ್ಲಿ ಪಿಸುಮಾತಾಯಿತು. ಮೈಟೋಕಾಂಡ್ರಿಯಗಳು ಈ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಆದರೆ ಸಕ್ಕರೆಯಿಂದ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ ಒಲೆಗಳು ಅವೇ ಎಂದು ಹೇಳಿ, ನಾನು ಪಾಠದ ಮುಖ್ಯ ಪ್ರಯೋಗಕ್ಕೆ ಬಂದೆ. ಕೆಂಪು ಸಿಪ್ಪೆಯ ಒಂದು ಅಂಚಿಗೆ ಗಟ್ಟಿ ಉಪ್ಪುನೀರಿನ ಹನಿ ಬಿಟ್ಟು, ಇನ್ನೊಂದು ಅಂಚಿನಿಂದ ಸೋಸುಕಾಗದದಲ್ಲಿ ಹೀರಿದೆ. ಕೋಣೆಗಳ ಒಳಗಿದ್ದ ಕೆಂಬಣ್ಣ ನಿಧಾನವಾಗಿ ಗೋಡೆ ಬಿಟ್ಟು ಒಳಕ್ಕೆ ಸರಿದು, ಮುದುಡಿ, ನಡುವೆ ಉಂಡೆಯಾಯಿತು. ನನ್ನ ಕಾಲೇಜಿನಲ್ಲಿ ಈ ಪ್ರಯೋಗವನ್ನು ನೋಡಿದವರು ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ನೋಡಿದವರು ಹೋಗಿ ತಮ್ಮ ಜಾಗದಲ್ಲಿ ತಲೆ ತಗ್ಗಿಸಿ ಕೂತರು. ಮಂದಾಕಿನಿ ಎರಡನೆಯ ಸಲ ನೋಡಿ ಎದ್ದು ನಿಂತಳು.

"ಮಿಸ್, ಸಾಕು. ನೀರು ಹಾಕಿ."

ನಾನು ಸಿಹಿನೀರಿನ ಹನಿ ಬಿಟ್ಟೆ. ಕೆಂಬಣ್ಣ ಮತ್ತೆ ಹರಡಿ ಗೋಡೆಗೆ ತಾಗುವವರೆಗೆ ಯಾರೂ ಮನೆಗೆ ಹೊರಡಲಿಲ್ಲ, ಗಂಟೆ ಹೊಡೆದಿದ್ದರೂ. ಇದಕ್ಕೆ ಅಭಿಸರಣೆ ಎಂದು ಹೆಸರು, ನೀರು ತಾನಾಗಿ ದಾಟುವುದು, ಇದಕ್ಕೆ ಕೋಶ ಏನೂ ಖರ್ಚು ಮಾಡಬೇಕಾಗಿಲ್ಲ, ಎಂದು ಬರೆಸಿದೆ. ಪಾಠ ಚೆನ್ನಾಗಿ ಅರ್ಥವಾಗಿದೆ ಎಂದು ನನಗೆ ತೃಪ್ತಿಯಾಯಿತು.

ಬೇಸಿಗೆ ಬಂತು. ಹಾಲಮ್ಮನವರ ಹಳೆಯ ಜಾಡಿಗಳೆಲ್ಲ ತೊಳೆದು ಬಿಸಿಲಿಗೆ ಬಿದ್ದವು. ಹುಳಿಮಾವಿನ ಕಾಯಿ ಮೂಟೆಗಟ್ಟಲೆ ಬಂದು ಪಡಸಾಲೆಯಲ್ಲಿ ಕೂತಿತು. ಕಾಯಿ ಗಟ್ಟಿಯಾಗಿರುವಾಗಲೇ ಉಪ್ಪು ಹಾಕಬೇಕು; ನಾಲ್ಕೈದು ದಿನ ಬಿಟ್ಟರೆ ಬಣ್ಣ ತಿರುಗುತ್ತದೆ. ಸಮ ಆಗದೆ ಉಪ್ಪು ಹಾಕಿದರೆ ಈ ವರ್ಷವೂ ಜಾಡಿ ನೀರಾಗುತ್ತದೆ, ಆಚೆಯ ಮನೆ ಪೂರ್ತಿ ಬತ್ತುತ್ತದೆ. ಹಾಕದಿದ್ದರೆ ಮೂಟೆಗಳು ಕೂತಲ್ಲೇ ಹಣ್ಣಾಗುತ್ತವೆ. ಹಾಲಮ್ಮನವರು ದಿನಕ್ಕೆ ಹತ್ತು ಸಲ ಒಂದೊಂದು ಕಾಯನ್ನು ಒತ್ತಿ ನೋಡಿ, ಮೂಸಿ, ಮತ್ತೆ ಮೂಟೆಯೊಳಗೆ ಇಡುತ್ತಿದ್ದರು.

ಮೂಟೆ ಬಂದ ಸುದ್ದಿ ಗೋಡೆಯ ಆಚೆಗೂ ತಲುಪಿತ್ತು. ನೀಲಮ್ಮನವರು ತಮ್ಮ ಯಜಮಾನರನ್ನು ಪೇಟೆಗೆ ಕಳಿಸಿ ನೀಲಿ ಟಾರ್ಪಾಲು ತರಿಸಿ, ತಮ್ಮ ಕಡೆಯ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಮೊಳೆ ಹೊಡೆದು ಬಿಗಿಸಿದರು. ಇನ್ನು ಒಂದು ಹನಿಯೂ ಹೋಗಕೂಡದು ಎಂದು ಅವರ ಲೆಕ್ಕ. ಒಂದು ಹನಿಯೂ ಹೋಗಲಿಲ್ಲ. ಆದರೆ ಮೂರನೆಯ ದಿನ ನಮ್ಮ ಕಡೆ ಗೋಡೆಯ ಮೇಲ್ಮೈ ಹಪ್ಪಳದಂತೆ ಎದ್ದು ಉದುರತೊಡಗಿತು. ಆಮೇಲೆ ಬಾನಿಯ ಪಕ್ಕದಿಂದ ಒಂದು ಬಿರುಕು ಹೊರಟು, ತೊಲೆಯ ಕಡೆಗೆ ಏರತೊಡಗಿತು. ತೊಲೆ ಎರಡೂ ಮನೆಗೆ ಒಂದೇ. ಬೀದಿಯವರು ಬಂದು ನೋಡಿ, ಗೋಡೆಗೆ ಉಸಿರು ಕಟ್ಟಿದೆ ಎಂದು ತಲೆಯಾಡಿಸಿ ಹೋದರು.

ನಾನು ನೀಲಮ್ಮನವರ ಮನೆಗೆ ಹೋದೆ. ಅದು ನಮ್ಮ ಮನೆಯ ಪ್ರತಿಬಿಂಬ. ಆದರೆ ಎಲ್ಲವೂ ಸೊರಗಿತ್ತು. ಬಾಗಿಲು ಚೌಕಟ್ಟಿನಲ್ಲಿ ಕಿರಿದಾಗಿ ಗಡಗಡ ಅಲ್ಲಾಡುತ್ತಿತ್ತು. ಮಲ್ಲಿಗೆ ಬಳ್ಳಿ ಕಡ್ಡಿಯಾಗಿತ್ತು. ಯಜಮಾನರು ಬೀದಿ ನಲ್ಲಿಯಿಂದ ತಂದ ಕೊಡದ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ತಾವೇ ಕೈ ಇಟ್ಟುಕೊಂಡು ಕೂತಿದ್ದರು.

"ಕೂತ್ಕೊಳ್ಳಿ ಟೀಚರಮ್ಮ," ಎಂದರು ನೀಲಮ್ಮ. "ಕಾಫಿ ಕೊಡೋಣ ಅಂದ್ರೆ ಅದರ ನೀರು ನಿಮ್ಮನೇಲಿದೆ."

ಏನನ್ನೂ ಬಿಡದ ಪೊರೆ ಕೋಶವನ್ನು ಉಳಿಸುವುದಿಲ್ಲ, ಬೇಕಾದ್ದು ಬಂದು ಬೇಡದ್ದು ಹೋಗುತ್ತಿದ್ದರೆ ಮಾತ್ರ ಕೋಶ ಬದುಕುತ್ತದೆ, ಆದ್ದರಿಂದ ಟಾರ್ಪಾಲು ತೆಗೆಯುವುದು ಒಳ್ಳೆಯದು ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ನಿಮ್ಮ ಪುಸ್ತಕದ ಕೋಶಕ್ಕೆ ವಾರಗಿತ್ತಿ ಇದಾಳಾ?"

"ಸುತ್ತಲೂ ಇದ್ದಾರೆ," ಎಂದೆ.

ಅವರಿಗೆ ನಗು ಬಂದಿತ್ತು. ಬಾಯಿಗೆ ಸೆರಗು ಹಿಡಿದು ಅದನ್ನು ನುಂಗಿದರು. "ಬಂದು ಸಮ ಆಯ್ತಾ ಅಂತ ಒಂದು ಮಾತು ಕೇಳ್ಲಿ. ಟಾರ್ಪಾಲು ನಾನೇ ಕೀಳ್ತೀನಿ."

ಈಚೆ ಬಂದು ಹೇಳಿದೆ. ಹಾಲಮ್ಮನವರು ಕಾಯಿ ಒತ್ತುವುದನ್ನು ನಿಲ್ಲಿಸಲಿಲ್ಲ. "ಮೊದಲು ಟಾರ್ಪಾಲು ಕೀಳ್ಲಿ. ಮೊಳೆ ಹೊಡೆದ ಮನೆಗೆ ನಾನು ಹೋಗಿ ಏನು ಕೇಳ್ಲಿ, ಸುತ್ತಿಗೆ ಸಾಲ ಕೇಳ್ಲಾ?"

ಬಿರುಕು ಅಷ್ಟರಲ್ಲಿ ಒಂದು ಬೆರಳಿನ ಅಗಲವಾಗಿತ್ತು. ಅದರ ಆಳದಲ್ಲಿ ಟಾರ್ಪಾಲಿನ ನೀಲಿ ಕಾಣುತ್ತಿತ್ತು.

ಅದೇ ದಿನ ಇಳಿಹೊತ್ತಿನಲ್ಲಿ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಪಡಸಾಲೆಗೆ ತಂದು, ಬೆಳಕಿರುವ ಕಡೆ, ಗೋಡೆಯ ಪಕ್ಕ ಕುಳಿತೆ. ಹಾಲಮ್ಮನವರು ಎದುರಿಗೆ ಮೂಟೆಗೆ ಒರಗಿದ್ದರು. ಜೀವಕೋಶದ ಪಾಠದಿಂದ ಒಂದು ಪ್ರಶ್ನೆ ಕೇಳಿದ್ದೆ: ಗಟ್ಟಿ ಉಪ್ಪಿನ ದ್ರಾವಣದಲ್ಲಿ ಇಟ್ಟ ಜೀವಕೋಶಕ್ಕೆ ಏನಾಗುತ್ತದೆ? ಕಾರಣ ಕೊಡಿ. ಎರಡು ಅಂಕ. ಮಂದಾಕಿನಿಯ ಉತ್ತರವನ್ನು ಓದಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ ಒಂದು ಸಾಲು ಬರೆದು, ನಾನು ಪೆನ್ನು ಕೆಳಗಿಟ್ಟೆ. ಮುಂದಿನದನ್ನು ತೆಗೆದೆ, ಅದರ ಮುಂದಿನದನ್ನು ತೆಗೆದೆ. ನಕಲು ಮಾಡಿರಲಿಲ್ಲ, ಮಾತುಗಳು ಬೇರೆಬೇರೆ ಇದ್ದವು. ತಪ್ಪು ಮಾತ್ರ ಇಡೀ ತರಗತಿಗೆ ಒಂದೇ.

"ಯಾಕಮ್ಮ, ಮುಖ ಹಂಗಾಯ್ತು?" ಎಂದರು ಹಾಲಮ್ಮ.

"ಕೇಳಿ," ಎಂದು ಮಂದಾಕಿನಿಯದನ್ನು ಓದಿದೆ. "'ದ್ರಾವಣವು ಕೋಶಕ್ಕೆ ಮೊದಲು ಗೋಡೆಯುಪ್ಪು ಕೊಡಬೇಕು. ಕೊಡದಿದ್ದರೆ ಕೋಶದ ನೀರು ದ್ರಾವಣಕ್ಕೆ ಹೋಗುತ್ತದೆ. ಆಗ ಕೋಶವು ಕುಗ್ಗಿ, ಗೋಡೆ ಬಿಟ್ಟು ಸರಿದು, ದ್ರಾವಣದೊಂದಿಗೆ ಮಾತು ಬಿಡುತ್ತದೆ. ದ್ರಾವಣವು ಹಿರಿಯದಾದ್ದರಿಂದ ಅದೇ ಮೊದಲು ಬರತಕ್ಕದ್ದು.'"

ಹಾಲಮ್ಮನವರು ಹುಬ್ಬು ಏರಿಸಿದರು. "ಹಿರಿಯದಾದ್ದರಿಂದ ಅಂತ ನೀವು ಹೇಳಿಕೊಟ್ರಾ?"

"ಇಲ್ಲ. ಇದು ಇನ್ನೊಬ್ಬ ಬರೆದದ್ದು: 'ಈ ಪರಿಸ್ಥಿತಿಗೆ ಕೋಶವೂ ಸ್ವಲ್ಪ ಮಟ್ಟಿಗೆ ಕಾರಣ. ಕೋಶಕ್ಕೂ ಜಂಬ ಇರುತ್ತದೆ.'"

ಹಾಲಮ್ಮನವರ ನಗು ಮೊದಲು ಹೊಟ್ಟೆಯಲ್ಲಿ ಹುಟ್ಟಿ ಮೂಟೆಯನ್ನು ಅಲುಗಿಸಿತು, ಆಮೇಲೆ ಬಾಯಿಗೆ ಬಂತು. ಅದೇ ಹೊತ್ತಿಗೆ ಇನ್ನೊಂದು ನಗು ಕೇಳಿಸಿತು. ಅದು ಗೋಡೆಯ ಒಳಗಿನಿಂದ ಬರುತ್ತಿತ್ತು. ಹಾಲಮ್ಮನವರು ತಟ್ಟನೆ ನಿಲ್ಲಿಸಿದರು. ಆಚೆಯದು ಒಂದು ಕ್ಷಣ ತಡವಾಗಿ ನಿಂತಿತು.

ಬಿರುಕಿನ ಆಚೆಯಿಂದ ನೀಲಮ್ಮನವರ ಧ್ವನಿ ಬಂತು. "ಟೀಚರಮ್ಮ, ಜಂಬದ ಮಾತು ಬರೆದೋನು ಯಾರ ಮಗ?"

"ಹೇಳಬಾರದು ನೀಲಮ್ಮನವರೇ. ಪರೀಕ್ಷೆಯ ನಿಯಮ."

"ಹಿರಿಯದಾದ್ದರಿಂದ ಅನ್ನೋದು ಇನ್ನೊಂದು ಸಲ ಓದಿ. ಅಲ್ಲಿ ಕೂತಿರೋರಿಗೆ ಸರಿಯಾಗಿ ಕೇಳಿಸ್ಲಿ."

"ಕೇಳಿಸ್ತು," ಎಂದರು ಹಾಲಮ್ಮನವರು, ಗೋಡೆಗೆ. "ಕಿವಿ ಚೆನ್ನಾಗೇ ಇದೆ. ಮಂಡಿ ಹೋಗಿರೋದು. ಹೋದ ವರ್ಷ ಸಾಕಾಯ್ತಾ ಅಂತ ಕೇಳಿದ್ದೂ ಮಂಡೀನೇ."

ನಾನು ಪತ್ರಿಕೆಗಳನ್ನು ಸಂಖ್ಯೆಯ ಪ್ರಕಾರ ಜೋಡಿಸುತ್ತಾ ಕುಳಿತೆ, ಅವು ಮೊದಲೇ ಜೋಡಿಸಿದ್ದವು. ಆಮೇಲೆ ಕೀರ್ ಎಂದು ಒಂದು ಮೊಳೆ ಕಿತ್ತು ಬಂದ ಸದ್ದು. ಇನ್ನೊಂದು. ಬಿರುಕಿನಲ್ಲಿದ್ದ ನೀಲಿ ಜಾರಿ ಹೋಗಿ, ಆಚೆಯ ಪಡಸಾಲೆಯ ಬೆಳಕು ಒಂದು ಗೆರೆಯಾಗಿ ಹಾಲಮ್ಮನವರ ಸೀರೆಯ ಮೇಲೆ ಬಿತ್ತು.

ಮರುದಿನ ಭಾನುವಾರ. ಬೆಳಗಿನ ಕಾಫಿ ಆದ ಮೇಲೆ ಹಾಲಮ್ಮನವರು ಹಿತ್ತಾಳೆಯ ಸೇರನ್ನು ಹುಣಸೆಹಣ್ಣು ಹಾಕಿ ಬೆಳಗಿ, ಕಲ್ಲುಪ್ಪು ತುಂಬಿ, ಸೆರಗಿನಿಂದ ಮುಚ್ಚಿದರು. ನಾನು ಕೈ ಚಾಚಿದೆ.

"ಜೊತೆಗೆ ಬಾರಮ್ಮ, ಕೈ ಮಾತ್ರ ಹಾಕ್ಬೇಡ," ಎಂದರು. "ಬೇಕಾದ್ರೆ ಆ ಬೆಲ್ಲದ ಡಬ್ಬಿ ಹಿಡ್ಕೋ."

ಆಚೆಯ ಬಾಗಿಲು ತೆರೆದಿತ್ತು. ಹಾಲಮ್ಮನವರು ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಇಟ್ಟು ಏರಿ, ಬಾನಿಯ ಹತ್ತಿರ ಬಗ್ಗಿ ಉಪ್ಪು ಸುರಿದರು. ನೀಲಮ್ಮನವರು ಕೋಲಿನಿಂದ ಕದಡಿದರು. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ, ಬಾನಿಯಲ್ಲಿದ್ದ ಆಲೂಗಡ್ಡೆಯನ್ನು ನೋಡಿದರು. ಅದು ತಳದಲ್ಲೇ ಕೂತಿತ್ತು. ಹಾಲಮ್ಮನವರು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಇಳಿದು ಬಂದು ಮತ್ತೆ ತುಂಬಿದರು. ಹೀಗೆ ಹೋಗಿ ಬಂದು ಮಾಡುತ್ತಿದ್ದಂತೆ ಆಲೂಗಡ್ಡೆ ಅಲುಗಿ, ತಳ ಬಿಟ್ಟು, ನಿಧಾನವಾಗಿ ಮೇಲೆ ಬಂತು.

ನಾನು ಎರಡು ಕಡೆಯೂ ಓಡಾಡಿ ಅಳೆದು ನೋಡಿದೆ. ಎರಡು ಆಲೂಗಡ್ಡೆಗಳೂ ಒಂದೇ ಮಟ್ಟ. "ಸರಿಯಾಗಿದೆ," ಎಂದು ಘೋಷಿಸಿದೆ.

ಹಾಲಮ್ಮನವರು 'ಸಮ ಆಯ್ತಾ' ಎಂದು ಕೇಳಬೇಕಾದ ಜಾಗ ಅದು. ನೀಲಮ್ಮನವರು ಉತ್ತರವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡು ನಿಂತಿದ್ದು ನನಗೆ ಕಾಣುತ್ತಿತ್ತು. ಹಾಲಮ್ಮನವರು ಕೇಳಲಿಲ್ಲ. ಬೆಲ್ಲಕ್ಕೆ ಕೈ ಚಾಚಿದರು, ಇಳಿದರು, ಇನ್ನೊಂದು ಸೇರು ತುಂಬಿಕೊಂಡು ಏರಿದರು.

"ಅಕ್ಕಾ, ಸಮ ಆಯ್ತಲ್ಲ," ಎಂದರು ನೀಲಮ್ಮ. ಒಂದು ವರ್ಷದಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

"ಇವತ್ತಿಗೆ ಸಮ. ಒಂದು ವರ್ಷದ ನೀರು ನನ್ನ ಕಡೆ ಇದೆಯಲ್ಲ, ಅದು ವಾಪಸ್ ಬರೋದು ಬೇಡ್ವಾ? ನಿನ್ನ ಕಡೆ ಹೆಚ್ಚಿದ್ರೆ ತಾನೆ ಬರೋದು." ಸುರಿದರು. "ನಿನ್ನ ಮಲ್ಲಿಗೆ ನೋಡು, ಹಲ್ಲುಕಡ್ಡಿ ಆಗಿದೆ."

ಈಗ ಉಪ್ಪು ಹೋಗುತ್ತಿದ್ದದ್ದು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ. ಪ್ರತಿ ಸಲವೂ ಮೆಟ್ಟಿಲು ಇನ್ನಷ್ಟು ಎತ್ತರವಾದಂತೆ ಅವರು ಏರುತ್ತಿದ್ದರು. ಒಮ್ಮೆ ನಡುವೆ ನಿಂತು ಕಣ್ಣು ಮುಚ್ಚಿದರು. ನಾನು ಬೆಲ್ಲ ಕೊಟ್ಟೆ. ಅದನ್ನು ಚೀಪಿ, ಮಂಡಿಗೆ ಒಂದು ಏಟು ಕೊಟ್ಟು, ಮುಂದಕ್ಕೆ ಹೋದರು. ನೀಲಮ್ಮನ ಬಾನಿಯಲ್ಲಿ ಆಲೂಗಡ್ಡೆ ಅರ್ಧ ಮೈ ಹೊರಗೆ ಹಾಕಿ ತೇಲುತ್ತಿತ್ತು. ಅದರ ಬದಿಯ ಒಣಗಿದ ಗೋಡೆಯ ಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು ಮೂಡತೊಡಗಿದವು. ಯಜಮಾನರು ಅದನ್ನು ನೋಡಿ ಕೊಡದ ಮೇಲಿಟ್ಟ ಕೈಯನ್ನು ತೆಗೆದರು.

ಹಾಲಮ್ಮನವರು ಮತ್ತೆ ಇಳಿಯಲು ತಿರುಗಿದಾಗ ನೀಲಮ್ಮನವರು ಅವರ ಕೈಯಿಂದ ಸೇರನ್ನು ಕಿತ್ತುಕೊಂಡರು.

"ಸಾಕಕ್ಕಾ."

ಆ ಪದ ಬಂದ ಕೂಡಲೇ ಹಾಲಮ್ಮನವರು ಮಂಡಿಯ ಮೇಲೆ ಕೈಯಿಟ್ಟು ಮೆಟ್ಟಿಲ ಮೇಲೆಯೇ ಕುಳಿತರು.

"ಯಾವ ಸಾಕು?" ಎಂದು ಕೇಳಿದರು.

ನೀಲಮ್ಮನವರು ಪಕ್ಕದಲ್ಲಿ ಕುಳಿತು, ಸೇರನ್ನು ಮಡಿಲಲ್ಲಿ ಇಟ್ಟುಕೊಂಡರು.

"ಎರಡೂ," ಎಂದರು.

ಆ ಮಧ್ಯಾಹ್ನ ನೀಲಮ್ಮನವರು ಈಚೆ ಬಂದು ಹಾಲಮ್ಮನವರ ಜೊತೆ ಕೂತು ಮಾವಿನಕಾಯಿ ಹೆಚ್ಚಿದರು. ಹೋಳು ದಪ್ಪವಾಯಿತೆಂದು ಒಬ್ಬರು, ಸಣ್ಣದಾಯಿತೆಂದು ಇನ್ನೊಬ್ಬರು, ಸಾಯಂಕಾಲದವರೆಗೆ ವಾದಿಸಿದರು. ಜಾಡಿಗಳಿಗೆ ಉಪ್ಪು ಬಿತ್ತು. ಆಚೆಯ ಬಾನಿಗೆ ಅದಕ್ಕೆ ತಕ್ಕಷ್ಟು ಮತ್ತೆ ಬಿತ್ತು. ಬಿರುಕು ತೇವ ಹೀರಿ ಎರಡು ವಾರದಲ್ಲಿ ತಾನಾಗಿ ಕೂಡಿಕೊಂಡಿತು. ನನ್ನ ಬಾಗಿಲು ಒಂದೇ ಬೆರಳಿಗೆ ಮುಚ್ಚತೊಡಗಿತು. ಮಳೆಗಾಲಕ್ಕೆ ಮೊದಲ ಜಾಡಿ ತೆರೆದಾಗ ಹೋಳು ಹಲ್ಲಿಗೆ ಕರಕ್ ಎಂದಿತು. ಹಾಲಮ್ಮನವರು ಅದನ್ನು ಎಲ್ಲರಿಗಿಂತ ಮೊದಲು, ಹಿಂದಿನ ವರ್ಷ ಜಗಲಿಯ ಮೇಲೆ ಇಟ್ಟು ಹೋದವರ ಮನೆಗಳಿಗೆ ಕಳಿಸಿದರು.

ಆದರೆ ಆ ಭಾನುವಾರ ಸಾಯಂಕಾಲ ನನ್ನ ಕೆಲಸ ಇನ್ನೂ ಬಾಕಿ ಇತ್ತು. ನೀರು ಹೊರಗೆ ಹೋಗಿ ಕೋಶ ಕುಗ್ಗುತ್ತದೆ ಎಂದು ಎಲ್ಲರೂ ಬರೆದಿದ್ದರು. ಅದಕ್ಕೆ ಒಂದು ಅಂಕ ಸಲ್ಲಬೇಕಾದದ್ದೇ, ಕೊಟ್ಟೆ. ಮಾತು ಬಿಡುವುದಕ್ಕೂ ಜಂಬಕ್ಕೂ ಅಂಕ ಕೊಡುವಂತಿರಲಿಲ್ಲ. ಗೋಡೆಯುಪ್ಪಿನ ವಾಕ್ಯದ ಪಕ್ಕದಲ್ಲಿ ಹಿಂದಿನ ದಿನ ನಾನು ಮಂದಾಕಿನಿಯ ಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ 'ಕೋಶ ಉಪ್ಪನ್ನು ಹೊರುವುದಿಲ್ಲ' ಎಂದು ಬರೆದಿದ್ದೆ. ಅದನ್ನು ಮತ್ತೊಮ್ಮೆ ಓದಿದೆ. ಉಪ್ಪು ಹೊರುವ ವಿಷಯ ಒಂಬತ್ತನೇ ತರಗತಿಯ ಪಠ್ಯದಲ್ಲಿ ಇಲ್ಲ ಎಂಬುದು ಸರಿ, ಆದರೆ ನನ್ನ ವಾಕ್ಯ ಸುಳ್ಳು. ಬದುಕಿರುವ ಪ್ರತಿಯೊಂದು ಕೋಶವೂ ತನ್ನ ಪೊರೆಯ ಮೂಲಕ ದಿನವಿಡೀ ಅದನ್ನೇ ಮಾಡುತ್ತಿರುತ್ತದೆ. ಅದಕ್ಕೆ ಸಕ್ರಿಯ ಸಾಗಾಣಿಕೆ ಎಂದು ಹೆಸರು. ಅಂಕವನ್ನು ಬದಲಿಸಲಿಲ್ಲ, ನನ್ನ ವಾಕ್ಯವನ್ನು ಹೊಡೆದುಹಾಕಿದೆ. ಸೋಮವಾರ ತರಗತಿಗೆ ಬೆಲ್ಲದ ಡಬ್ಬಿ ತೆಗೆದುಕೊಂಡು ಹೋಗಿ, ಪಠ್ಯದಲ್ಲಿಲ್ಲದ ಒಂದು ಪಾಠ ಮಾಡಿ, ಕೊನೆಯಲ್ಲಿ ಹಲಗೆಯ ಮೇಲೆ ಹೀಗೆ ಬರೆಸಿದೆ.

ತೀರ್ಮಾನ: ನೀರು ಪೊರೆಯನ್ನು ತಾನಾಗಿ ದಾಟುತ್ತದೆ. ಉಪ್ಪನ್ನು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಹೊತ್ತೇ ದಾಟಿಸಬೇಕು, ಮತ್ತು ಅದಕ್ಕೆ ಹೊರುವವರ ಶಕ್ತಿ ಖರ್ಚಾಗುತ್ತದೆ.